ಪಿಯು, ಹೈಸ್ಕೂಲ್ ಕಂಪ್ಯೂಟರ್ ಶಿಕ್ಷಕರಿಗೆ ವರ್ಷವಿಡೀ ತರಬೇತಿ: ವಿಶ್ವವಿದ್ಯಾಲಯದ ವಿಭಾಗಗಳು ಹೇಗೆ ಮಾಡಬಹುದು?

ನಾನು ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ನಮ್ಮ ವಿಭಾಗ ಸುತ್ತಲಿನ ಪಿಯು ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರ ಜೊತೆ ಕೆಲಸ ಮಾಡುತ್ತಿದೆ. ಹೈಸ್ಕೂಲ್‌ಗಳಲ್ಲಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಇಟ್ಟುಕೊಂಡಿರುವ ಗಣಿತ, ವಿಜ್ಞಾನ ಶಿಕ್ಷಕರೂ ನಮ್ಮ ಜೊತೆ ಇದ್ದಾರೆ. ಬೇರೆ ಕಾಲೇಜಿನವರು ಸಿಕ್ಕಾಗ "ನಾವೂ ಮಾಡಬೇಕು ಅಂತಿದ್ದೇವೆ ಮೇಡಂ, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದಿನದ ಕಾರ್ಯಾಗಾರ ಮಾಡುವ ಯೋಚನೆ ಇದ್ದರೆ ಬೇಡ. ಬೆಳಗ್ಗೆ ಉದ್ಘಾಟನೆ, ಆಮೇಲೆ ಕೃತಕ ಬುದ್ಧಿಮತ್ತೆಯ ಮೇಲೆ ಭಾಷಣ, ಊಟ, ಸರ್ಟಿಫಿಕೇಟ್, ಗ್ರೂಪ್ ಫೋಟೋ. ಮರುದಿನ ಆ ಶಿಕ್ಷಕರು ತರಗತಿಗೆ ಹೋಗಿ ಹಿಂದಿನ ದಿನ ಮಾಡಿದ್ದನ್ನೇ ಮಾಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಶಿಕ್ಷಕರ ತರಬೇತಿ ಬಗ್ಗೆ ನಡೆದ 1,300ಕ್ಕೂ ಹೆಚ್ಚು ಅಧ್ಯಯನಗಳನ್ನು ಅಮೆರಿಕದಲ್ಲಿ ಜಾಲಾಡಿ 2007ರಲ್ಲಿ ಒಂದು ವರದಿ ಬಂತು. ಗಟ್ಟಿ ಪುರಾವೆ ಇದ್ದದ್ದು ಒಂಬತ್ತರಲ್ಲಿ ಮಾತ್ರ. ಆ ಒಂಬತ್ತರ ಸರಾಸರಿ ಅವಧಿ 49 ಗಂಟೆ. 14 ಗಂಟೆ ಅಥವಾ ಅದಕ್ಕಿಂತ ಕಡಿಮೆ ತರಬೇತಿ ಕೊಟ್ಟ ಕಡೆ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ಎನ್ನುತ್ತದೆ. ಹಾಗಾಗಿ ಯೋಜನೆಯನ್ನು ದಿನದ ಲೆಕ್ಕದಲ್ಲಿ ಹಾಕಬೇಡಿ, ವರ್ಷದ ಲೆಕ್ಕದಲ್ಲಿ ಹಾಕಿ.

ಮೊದಲು ಅವರ ಲ್ಯಾಬ್‌ಗೆ ಹೋಗಿ

ಆಹ್ವಾನ ಪತ್ರ ಬರೆಯುವ ಮೊದಲು ನಾಲ್ಕಾರು ಕಾಲೇಜುಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಒಂದು ಪ್ರಾಕ್ಟಿಕಲ್ ಕ್ಲಾಸ್ ನೋಡಿ. ಪೇಟೆಯ ಕಾಲೇಜುಗಳನ್ನು ಮಾತ್ರ ನೋಡಿದರೆ ಸಾಲದು. ಕುಟ್ಟ, ಶ್ರೀಮಂಗಲ, ನಾಪೋಕ್ಲು, ಶನಿವಾರಸಂತೆ ಕಡೆಗೂ ಹೋಗಬೇಕು. ತಪಾಸಣೆಗೆ ಬಂದವರ ಹಾಗೆ ಫೈಲ್ ಹಿಡಿದು ಹೋಗಬೇಡಿ. "ಸರ್, ನಿಮ್ಮ ಮಕ್ಕಳು ಮುಂದೆ ನಮ್ಮಲ್ಲಿಗೇ ಬರುತ್ತಾರೆ, ಅವರು ಎಲ್ಲಿ ಎಡವುತ್ತಾರೆ ಅಂತ ನೋಡಬೇಕಿತ್ತು" ಎಂದು ನೇರವಾಗಿ ಹೇಳಿ. ಅದು ನಿಜ ಕೂಡ.

ಅಲ್ಲಿ ನೋಡಬೇಕಾದ್ದು ಇವು. ಎಷ್ಟು ಕಂಪ್ಯೂಟರ್ ಆನ್ ಆಗುತ್ತವೆ? ಒಂದರ ಮುಂದೆ ಎಷ್ಟು ಮಕ್ಕಳು? ಯುಪಿಎಸ್ ಬ್ಯಾಟರಿ ಜೀವಂತ ಇದೆಯೇ? ಯಾವ ವಿಂಡೋಸ್? ಈ ಕೊನೆಯದ್ದು ಸಣ್ಣ ವಿಷಯ ಅನ್ನಿಸಬಹುದು. ಆದರೆ ತರಬೇತಿ ಮುಗ್ಗರಿಸುವುದು ಇಲ್ಲೇ. ಪಿಯು ಪಠ್ಯ ಈಚೆಗೆ ಎನ್‌ಸಿಇಆರ್‌ಟಿ ಪುಸ್ತಕಕ್ಕೆ ಬದಲಾಗಿ, ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದ ಜಾಗಕ್ಕೆ ಪೈಥಾನ್ ಬಂದಿದೆ. ಎಷ್ಟೋ ವರ್ಷ ಸಿ ಪ್ಲಸ್ ಪ್ಲಸ್ ಕಲಿಸಿದವರು ಈಗ ಹೊಸದಾಗಿ ಶುರು ಮಾಡಬೇಕು. ಲ್ಯಾಬ್‌ನಲ್ಲಿ ಮಾತ್ರ ಅದೇ ಹಳೇ ವಿಂಡೋಸ್ 7. ಪೈಥಾನ್ 3.9 ಮತ್ತು ಅದರ ನಂತರದ ಆವೃತ್ತಿಗಳು ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಎಲ್ಲ ತೋರಿಸಿ ಕಳಿಸಿದರೆ, ಅವರು ಅಲ್ಲಿ ಹೋಗಿ ಇನ್‌ಸ್ಟಾಲ್ ಮಾಡಲಾಗದೆ ಸುಮ್ಮನಾಗುತ್ತಾರೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಥಾನಿ. ಆರಂಭದ ಕಲಿಕೆಗೆ ಅಂತಲೇ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಮಾಡಿದ ಉಚಿತ ತಂತ್ರಾಂಶ ಅದು. ಪೈಥಾನ್ ಅದರೊಳಗೇ ಬರುತ್ತದೆ. ಪೈಥಾನ್ 3.8 ಇರುವ 32 ಬಿಟ್ ಇನ್‌ಸ್ಟಾಲರ್ ಕೂಡ ಇದೆ, ವಿಂಡೋಸ್ 7ರಲ್ಲಿ ನಡೆಯುತ್ತದೆ. ಪ್ರೋಗ್ರಾಂ ಸಾಲು ಸಾಲಾಗಿ ಓಡುವುದನ್ನು, ಪ್ರತಿ ಸಾಲಿಗೆ ವೇರಿಯಬಲ್‌ನ ಬೆಲೆ ಬದಲಾಗುವುದನ್ನು ತೆರೆಯ ಮೇಲೇ ತೋರಿಸುತ್ತದೆ. ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಪಾಠಕ್ಕೆ ಮೈಎಸ್‌ಕ್ಯೂಎಲ್ ತಂತ್ರಾಂಶ ಹಾಕಲು ಆಗದ ಯಂತ್ರಗಳಲ್ಲಿ ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್ ಬಳಸಬಹುದು. ಸೆಲೆಕ್ಟ್, ವೇರ್, ಗ್ರೂಪ್ ಬೈ ಅಭ್ಯಾಸಕ್ಕೆ ಅದು ಸಾಕು. ಆದರೆ ಪುಸ್ತಕದಲ್ಲಿರುವ ಡಿಸ್ಕ್ರೈಬ್, ಶೋ ಟೇಬಲ್ಸ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಇದನ್ನು ಶಿಕ್ಷಕರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಮಕ್ಕಳ ಮುಂದೆ ಅವರು ಪೇಚಿಗೆ ಸಿಗುತ್ತಾರೆ.

ಇವೆಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಒಬ್ಬೊಬ್ಬರಿಗೂ ಕೊಡಿ. "ಡೌನ್‌ಲೋಡ್ ಮಾಡ್ಕೊಳ್ಳಿ" ಎಂದರೆ ಆಗುವುದಿಲ್ಲ. ಮಳೆಗಾಲದಲ್ಲಿ ಎಷ್ಟೋ ಕಡೆ ಫೋನ್ ಹಚ್ಚುವುದೇ ಕಷ್ಟ.

ದಿನ, ಜಾಗ, ಪತ್ರ

ಕೊಡಗಿನ ಕ್ಯಾಲೆಂಡರ್ ನೋಡದೆ ದಿನ ಗೊತ್ತು ಮಾಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಏನೂ ಇಟ್ಟುಕೊಳ್ಳಬೇಡಿ. ಮಳೆಗೆ ರಜೆ ಘೋಷಣೆಯಾಗುತ್ತದೆ, ರಸ್ತೆಗೆ ಮರ ಬೀಳುತ್ತದೆ, ಗುಡ್ಡದ ಬರೆ ಕುಸಿಯುತ್ತದೆ. 2018ರ ಆಗಸ್ಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್‌ನಲ್ಲಿ ಮಡಿಕೇರಿ, ಗೋಣಿಕೊಪ್ಪದ ದಸರಾ, ತುಲಾ ಸಂಕ್ರಮಣ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಪುತ್ತರಿ. ಆಮೇಲೆ ಕಾಫಿ ಕೊಯ್ಲು, ಅದರ ಹಿಂದೆಯೇ ಪರೀಕ್ಷೆ. ಏಪ್ರಿಲ್‌ನಲ್ಲಿ ಮೌಲ್ಯಮಾಪನ, ಮದುವೆಗಳು, ಹಾಕಿ ಹಬ್ಬ.

ಇವುಗಳ ನಡುವೆ ಜಾಗ ಇದೆ. ಮೇ ಕೊನೆಯ ವಾರದಲ್ಲಿ ಸತತ ಮೂರು ದಿನ, ದಿನಕ್ಕೆ ಐದು ಗಂಟೆ ಇಟ್ಟುಕೊಳ್ಳಿ. ಆಮೇಲೆ ಸೆಪ್ಟೆಂಬರ್ ಮಧ್ಯ, ನವೆಂಬರ್ ಆರಂಭ, ಡಿಸೆಂಬರ್, ಮೌಲ್ಯಮಾಪನ ಮುಗಿದ ಮೇಲೆ ಏಪ್ರಿಲ್, ಹೀಗೆ ಒಂದೊಂದು ದಿನ. ಅಲ್ಲಿಗೆ 35 ಗಂಟೆ. ಉಳಿದ 15 ಗಂಟೆ ಅವರವರ ತರಗತಿಯಲ್ಲೇ ಪಾಠ ಮಾಡಿ ನೋಡುವುದಕ್ಕೆ, ಅದನ್ನು ಚರ್ಚಿಸುವುದಕ್ಕೆ.

ಜಾಗದ ವಿಷಯಕ್ಕೆ ಬಂದರೆ, ಒಂದೇ ಕಡೆ ಮಾಡುವ ಆಸೆ ಬಿಡಿ. ಕೊಡಗು ವಿಶ್ವವಿದ್ಯಾಲಯ ಇರುವುದು ಕುಶಾಲನಗರದ ಕಡೆಯ ಚಿಕ್ಕ ಅಳುವಾರದಲ್ಲಿ, ಮೊದಲು ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಕೇಂದ್ರ ಇದ್ದ ಜಾಗದಲ್ಲಿ. ಸೋಮವಾರಪೇಟೆಯವರಿಗೆ ಅದು ಸರಿ. ಕುಟ್ಟದಿಂದ ಹೊರಟವರಿಗೆ ಜಿಲ್ಲೆಯನ್ನೇ ದಾಟಿದಂತೆ. ದಕ್ಷಿಣದವರಿಗೆ ಗೋಣಿಕೊಪ್ಪ ಅಥವಾ ಪೊನ್ನಂಪೇಟೆಯಲ್ಲಿ, ಉತ್ತರದವರಿಗೆ ಕುಶಾಲನಗರ ಅಥವಾ ಮಡಿಕೇರಿಯಲ್ಲಿ, ಎರಡು ಕೇಂದ್ರ ಮಾಡಿ. ಐಐಟಿ ಬಾಂಬೆಯ ಪ್ರೊಫೆಸರ್ ದೀಪಕ್ ಫಾಟಕ್ ಅವರು ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಿಗೆ ದೇಶದ ಉದ್ದಗಲಕ್ಕೂ ತರಬೇತಿ ಕೊಟ್ಟದ್ದು ಈ ರೀತಿಯಲ್ಲೇ. ಮೊದಲು ಪ್ರತಿ ಕೇಂದ್ರದ ಸಂಯೋಜಕರನ್ನು ಕರೆದು ತಯಾರು ಮಾಡಿದರು. ಆಮೇಲೆ ಪಾಠ ಎಲ್ಲ ಕೇಂದ್ರಗಳಿಗೂ ನೇರ ಪ್ರಸಾರ, ಲ್ಯಾಬ್ ಮಾತ್ರ ಆಯಾ ಕೇಂದ್ರದಲ್ಲೇ. ನಮ್ಮ ಎರಡು ಕೇಂದ್ರಕ್ಕೆ ನೇರ ಪ್ರಸಾರ ಬೇಕಿಲ್ಲ, ಆದರೆ ಸಂಯೋಜಕರನ್ನು ಮೊದಲು ತಯಾರು ಮಾಡುವ ಕ್ರಮವನ್ನು ಬಿಡಬೇಡಿ. ಬೆಳಗ್ಗೆ ಹತ್ತಕ್ಕೆ ಶುರು ಮಾಡಿ, ಮೂರೂವರೆಗೆ ಬಿಟ್ಟುಬಿಡಿ. ಬಸ್ಸಿನ ಚಿಂತೆ ಶುರುವಾದ ಮೇಲೆ ಯಾರ ತಲೆಗೂ ಏನೂ ಹೋಗುವುದಿಲ್ಲ.

ಪಿಯು ಉಪನ್ಯಾಸಕರಿಗೆ ಮಡಿಕೇರಿಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರ ಕಚೇರಿಯಿಂದ, ಹೈಸ್ಕೂಲಿನವರಿಗೆ ಆಯಾ ಬಿಇಒ ಕಚೇರಿಯಿಂದ ಓಓಡಿ (ಕರ್ತವ್ಯದ ಮೇಲೆ ಹೋದಂತೆ ಲೆಕ್ಕ) ಸಿಗುವಂತೆ ಪತ್ರ ಹೊರಡಿಸಿ. ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನವರನ್ನು ಯೋಜನೆ ಮಾಡುವಾಗಲೇ ಸೇರಿಸಿಕೊಳ್ಳಿ. ಶಾಲೆಗಳ ಒಳಹೊರಗು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅತಿಥಿ ಉಪನ್ಯಾಸಕರ ವಿಷಯದಲ್ಲಿ ನನಗೆ ತುಂಬಾ ಕಾಳಜಿ ಇದೆ. ಎಷ್ಟೋ ಕಾಲೇಜುಗಳಲ್ಲಿ ಕಂಪ್ಯೂಟರ್ ಪಾಠ ನಡೆಯುತ್ತಿರುವುದೇ ಅವರಿಂದ. ಆದರೆ ತರಬೇತಿಯ ಪತ್ರದಲ್ಲಿ ಅವರ ಹೆಸರು ಇರುವುದಿಲ್ಲ. ತರಬೇತಿಗೆ ಹೋದರೆ ಆ ದಿನದ ಗೌರವಧನ ಕಡಿತವಾದೀತು ಎಂಬ ಭಯ ಬೇರೆ. ಪತ್ರದಲ್ಲೇ "ಅತಿಥಿ ಉಪನ್ಯಾಸಕರೂ ಸೇರಿದಂತೆ" ಎಂದು ಬರೆಸಿ, ಪ್ರಾಂಶುಪಾಲರಿಗೆ ಫೋನ್ ಮಾಡಿ ಮಾತಾಡಿ, ಬಸ್ ಚಾರ್ಜು ಅದೇ ದಿನ ಕೈಗೆ ಕೊಡಿ. ಬಿಲ್ ಪಾಸ್ ಆದ ಮೇಲೆ ಕೊಡುತ್ತೇವೆ ಎನ್ನಬೇಡಿ.

ಆ ದಿನಗಳಲ್ಲಿ ಏನು ಮಾಡಬೇಕು?

ನಾವು ಕಾಲೇಜಿನವರು ಸಾಮಾನ್ಯವಾಗಿ ನಮಗೆ ಗೊತ್ತಿರುವುದನ್ನು ಸುರಿಯುತ್ತೇವೆ. ಅವರಿಗೆ ಬೇಕಾಗಿರುವುದು ಬೇರೆ. ಸ್ಟ್ಯಾಕ್ (ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಮಾಹಿತಿಯ ಜೋಡಣೆ) ಎಂದರೇನು ಎಂಬುದು ಅವರಿಗೆ ಗೊತ್ತು. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಬಂದ, ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಭಾಷೆ ಆಡುವ ಮಕ್ಕಳಿಗೆ ಇಂಗ್ಲಿಷ್ ಪುಸ್ತಕದ ಸ್ಟ್ಯಾಕನ್ನು 45 ನಿಮಿಷದಲ್ಲಿ ಹೇಗೆ ಮುಟ್ಟಿಸುವುದು? ಕೆಲಸ ಇರುವುದು ಇಲ್ಲಿ. ಹಾಗಾಗಿ ವಿಷಯ ಅರ್ಧ, ಕಲಿಸುವ ರೀತಿ ಅರ್ಧ ಇರಲಿ. ಎರಡನ್ನೂ ಒಂದೇ ಪಾಠದಲ್ಲಿ ಹೆಣೆಯಿರಿ.

ನಾವು ಮಾಡುವ ಒಂದು ಪಾಠವನ್ನು ಪೂರ್ತಿ ಹೇಳುತ್ತೇನೆ. ಇದನ್ನು ಹಾಗೇ ಬಳಸಿಕೊಳ್ಳಬಹುದು.

ಕೊಡಗಿನಲ್ಲಿ ತೋಟ ಇರುವ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ, ಅಲ್ವಾ? ದಿನಾ ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಶಿಕ್ಷಕರಿಗೆ ಯಾವುದಾದರೂ ಒಂದು ಮಾರ್ಚ್ ತಿಂಗಳ ಪುಟದ ಫೋಟೋ ತರಲು ಹೇಳಿ. 31 ದಿನ, ಹೆಚ್ಚಿನವು ಸೊನ್ನೆ, ನಡುವೆ ಒಂದು 0.40, ಒಂದು 1.20. ಪೈಥಾನ್ ಲಿಸ್ಟ್‌ಗೆ, ಅಂದರೆ ಬೆಲೆಗಳ ಸಾಲಿಗೆ, ಇದಕ್ಕಿಂತ ಒಳ್ಳೆಯ ಮಾಹಿತಿ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಸೂ ಸೆಂಟೆನ್ಸ್ ಮತ್ತು ಅವರ ಜೊತೆಗಾರರು ಪ್ರಿಮ್ ಎಂಬ ಕ್ರಮವನ್ನು ರೂಪಿಸಿದ್ದಾರೆ. ಮೊದಲು ಊಹಿಸು, ಆಮೇಲೆ ಓಡಿಸು, ಕೆದಕಿ ನೋಡು, ಬದಲಿಸು, ಕೊನೆಗೆ ನಿನ್ನದೇ ಬರೆ. ಅದರಂತೆ ಲಿಸ್ಟ್‌ನ ಒಟ್ಟು ಮತ್ತು ಸರಾಸರಿ ಹೇಳುವ ಎಂಟು ಸಾಲಿನ ಪ್ರೋಗ್ರಾಂ ಅಚ್ಚು ಹಾಕಿ ಕೊಡಿ. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಏನು ಬರುತ್ತದೆ ಎಂದು ಪೆನ್ಸಿಲಿನಲ್ಲಿ ಬರೆಯಬೇಕು. ಪಕ್ಕದವರ ಜೊತೆ ಮಾತಾಡಿ ನೋಡಿಕೊಂಡ ಮೇಲೆ ಓಡಿಸಬೇಕು.

ಕೆದಕುವ ಹಂತದಲ್ಲಿ ಒಳ್ಳೆಯ ಪ್ರಶ್ನೆಗಳು ತಾವಾಗಿ ಬರುತ್ತವೆ. ದಿನದ ಸಂಖ್ಯೆ ಬರಲಿ ಎಂದು ರೇಂಜ್ 1ರಿಂದ 31 ಕೊಟ್ಟವರಿಗೆ ಮಾರ್ಚ್ 31 ಮಾಯವಾಗಿರುತ್ತದೆ. ಕೊನೆಯ ಸಂಖ್ಯೆ ಸೇರುವುದಿಲ್ಲ ಎಂಬುದು ಆಗ ಮನಸ್ಸಿನಲ್ಲಿ ಕೂರುತ್ತದೆ. ಎರಡು ದಿನದ ಮಳೆಯನ್ನು ಇನ್‌ಪುಟ್‌ನಿಂದ ತೆಗೆದುಕೊಂಡು ಹಾಗೇ ಕೂಡಿಸಿದರೆ 1.60 ಬದಲು 0.401.20 ಬರುತ್ತದೆ. ಇನ್‌ಪುಟ್ ಕೊಡುವುದು ಅಕ್ಷರಗಳ ಸಾಲನ್ನು, ಫ್ಲೋಟ್ ಮಾಡಿದರೆ ಮಾತ್ರ ಅದು ಸಂಖ್ಯೆ. ಈ ತಪ್ಪನ್ನು ಮಕ್ಕಳು ಖಂಡಿತ ಮಾಡುತ್ತಾರೆ, ಶಿಕ್ಷಕರು ಅದಕ್ಕೆ ತಯಾರಾಗಿ ಹೋಗಬೇಕು. ಆಮೇಲೆ ಸರಾಸರಿಯ ಜೊತೆ ಮೀಡಿಯನ್, ಅಂದರೆ ಏರಿಕೆ ಕ್ರಮದಲ್ಲಿ ನಡುವಿನ ಬೆಲೆ, ತೆಗೆಸಿ. ಮೀಡಿಯನ್ ಸೊನ್ನೆ! ತಿಂಗಳ ಅರ್ಧಕ್ಕಿಂತ ಜಾಸ್ತಿ ದಿನ ಮಳೆ ಇಲ್ಲ, ಅದಕ್ಕೆ. ದ್ವಿತೀಯ ಪಿಯುಸಿ ಪುಸ್ತಕದ ಅಂಡರ್‌ಸ್ಟ್ಯಾಂಡಿಂಗ್ ಡೇಟಾ ಅಧ್ಯಾಯ ಹೇಳಹೊರಟಿರುವುದು ಇದನ್ನೇ.

ಬದಲಿಸುವ ಹಂತದಲ್ಲಿ ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಲಿ. ಕೊನೆಗೆ ಸ್ವಂತದ್ದು: ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು? ಒಂದು ಇಂಚು ಅಥವಾ ಹೆಚ್ಚು ಬಿದ್ದ ಮೊದಲ ದಿನ ಹುಡುಕಬೇಕು. ಅಲ್ಲಿಂದ ಇಪ್ಪತ್ತು ದಿನದೊಳಗೆ ಆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತೇ ನೋಡಬೇಕು. ಲೂಪ್, ಇಫ್, ಇಂಡೆಕ್ಸ್ ಮೂರೂ ಇದರಲ್ಲಿ ಬರುತ್ತವೆ. ರೋಬಸ್ಟಾ ತೋಟದ ಮನೆಯ ಮಕ್ಕಳಿಗೂ, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೂ ಹೂಮಳೆ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ.

ಪಾಠ ಮುಗಿದ ಮೇಲೆ ಅರ್ಧ ಗಂಟೆ ಬೇರೆಯೇ ಇಡಿ. ಶಿಕ್ಷಕರು ಇದನ್ನೇ ತಮ್ಮ ತರಗತಿಗೆ ಹೊಂದಿಸಿ ಬರೆಯಬೇಕು. ಎರಡು ಕಂಪ್ಯೂಟರ್‌ಗೆ ಹತ್ತು ಮಕ್ಕಳಿದ್ದರೆ ಏನು ಮಾಡುವುದು? ಒಬ್ಬರಿಗೆ ಕೀಬೋರ್ಡ್, ಒಬ್ಬರಿಗೆ ಹೇಳುವ ಕೆಲಸ, ಉಳಿದವರಿಗೆ ಕಾಗದ. ಕಾಗದದ ಕೆಲಸಕ್ಕೆ ಪಾರ್ಸನ್ಸ್ ಲೆಕ್ಕ ಚೆನ್ನಾಗಿ ಒದಗುತ್ತದೆ. ನ್ಯೂಜಿಲೆಂಡಿನ ಒಟಾಗೊ ಪಾಲಿಟೆಕ್ನಿಕ್‌ನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಷಿಯಾ ಹೇಡನ್ 2006ರಲ್ಲಿ ಇದನ್ನು ಮುಂದಿಟ್ಟರು. ಪ್ರೋಗ್ರಾಮಿನ ಸಾಲುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಲಸಿ, ಲಕೋಟೆಯಲ್ಲಿ ಹಾಕಿ ಕೊಡುವುದು. ಮಕ್ಕಳು ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಜೊತೆಗೆ ಎರಡು ತಪ್ಪು ಸಾಲು ಸೇರಿಸಿ: ಎರಡು ಈಕ್ವಲ್ ಇರಬೇಕಾದ ಕಡೆ ಒಂದೇ ಇರುವುದು ಒಂದು, ಕೋಲನ್ ಬಿಟ್ಟದ್ದು ಇನ್ನೊಂದು. ಡೆಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ನೇರ ಗೆರೆ ಎಳೆದರೆ ಇಂಡೆಂಟೇಶನ್ (ಸಾಲನ್ನು ಒಳಕ್ಕೆ ಸರಿಸಿ ಬರೆಯುವುದು) ಕೂಡ ಅಭ್ಯಾಸವಾಗುತ್ತದೆ. ಇದಕ್ಕೆ ಬೇಕಾದ್ದು ಕತ್ತರಿ, ಕಾಗದ ಅಷ್ಟೇ.

ಹೈಸ್ಕೂಲ್ ಶಿಕ್ಷಕರನ್ನು ಪೈಥಾನ್ ಹೆಸರಲ್ಲಿ ಹೆದರಿಸಬೇಡಿ. ಅವರಿಗೆ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಿಂದ ಬೆಳೆದ ಕಂಪ್ಯೂಟರ್ ಇಲ್ಲದೆ ಮಾಡುವ ಸಿಎಸ್ ಅನ್‌ಪ್ಲಗ್ಡ್ ಚಟುವಟಿಕೆಗಳು ಸರಿ. ಐದು ಮಕ್ಕಳ ಕೈಗೆ 16, 8, 4, 2, 1 ಚುಕ್ಕಿಯ ಕಾರ್ಡ್ ಕೊಟ್ಟು ಸಾಲಾಗಿ ನಿಲ್ಲಿಸಿ, 19 ತೋರಿಸಿ ಎನ್ನಿ. 16, 2, 1 ಮೇಲೆ, ಉಳಿದವು ಕೆಳಗೆ. ಬೈನರಿ ಅಷ್ಟೇ. ಜುಲೈ ತಿಂಗಳಲ್ಲಿ ಕರೆಂಟ್ ಇಲ್ಲದ ದಿನವೂ ಈ ಪಾಠ ನಿಲ್ಲುವುದಿಲ್ಲ. ಇಂಥವು ಇನ್ನೂ ಬೇಕಿದ್ದರೆ ಕಂಪ್ಯೂಟರ್ ತಜ್ಞರ ಸಂಘ ಎಸಿಎಂ ಇಂಡಿಯಾ 2016ರಲ್ಲಿ ಶುರು ಮಾಡಿದ ಸಿಎಸ್‌ಪಾಠಶಾಲೆಯ ಸಾಮಗ್ರಿ ಉಚಿತವಾಗಿ ಸಿಗುತ್ತದೆ.

ಎರಡು ಭೇಟಿಗಳ ನಡುವೆ

ನನ್ನ ಪ್ರಕಾರ ವಿಶ್ವವಿದ್ಯಾಲಯದ ನಿಜವಾದ ಕೆಲಸ ಇಲ್ಲಿದೆ. ಶಿಕ್ಷಕರು ಒಂಟಿ. ಒಂದು ಕಾಲೇಜಿನಲ್ಲಿ ಇತಿಹಾಸಕ್ಕೆ, ಕನ್ನಡಕ್ಕೆ ಮಾತಾಡಲು ಯಾರಾದರೂ ಸಿಗುತ್ತಾರೆ. ಕಂಪ್ಯೂಟರ್‌ಗೆ ಒಬ್ಬರೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2006ರಲ್ಲಿ ಹೈಸ್ಕೂಲ್ ಕಂಪ್ಯೂಟರ್ ಶಿಕ್ಷಕರನ್ನು ಬೇಸಿಗೆಯಲ್ಲಿ ಕರೆದು ಸಿಎಸ್‌ಫೋರ್‌ಎಚ್‌ಎಸ್ ಎಂಬ ಕಾರ್ಯಾಗಾರ ಶುರು ಮಾಡಿತು. ಗೂಗಲ್ ಹಣ ಕೊಟ್ಟು ಅದು ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಿತು. ಬೇಸಿಗೆಯಲ್ಲಿ ಕರೆಯುವ ಕ್ರಮವನ್ನು ನಾವೂ ತೆಗೆದುಕೊಂಡಿದ್ದೇವೆ. ಆದರೆ ಬೇಸಿಗೆ ಮುಗಿದ ಮೇಲೆ ಕೈ ಬಿಡಬಾರದು.

ನಿಮ್ಮ ಅಂತಿಮ ವರ್ಷದ ಬಿಸಿಎ, ಎಂಸಿಎ ವಿದ್ಯಾರ್ಥಿಗಳನ್ನು ಅವರವರ ಊರಿನ ಹತ್ತಿರದ ಪಿಯು ಕಾಲೇಜಿಗೆ ಜೋಡಿಸಿ. ಹದಿನೈದು ದಿನಕ್ಕೊಮ್ಮೆ ಒಂದು ಪ್ರಾಕ್ಟಿಕಲ್ ಕ್ಲಾಸಿಗೆ ಹೋಗಲಿ. ಪಾಠ ಮಾಡುವುದು ಬೇಡ. ಕೆಟ್ಟ ಯಂತ್ರ ಸರಿ ಮಾಡಲಿ, ತಡವರಿಸುವ ಮಕ್ಕಳ ಪಕ್ಕ ಕೂರಲಿ. ಇಂಟರ್ನ್‌ಶಿಪ್ ಗಂಟೆಗೆ ಅದನ್ನು ಸೇರಿಸಿಕೊಳ್ಳಿ. ನಮ್ಮ ಹುಡುಗರು ಇದರಿಂದ ಕಲಿಯುವುದು ಬಹಳ. ಇನ್ನೊಬ್ಬರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ತಾಳ್ಮೆ ಬರುತ್ತದೆ.

ವಾಟ್ಸ್ಯಾಪ್ ಗುಂಪು ಹೇಗೂ ಆಗುತ್ತದೆ. ಒಂದು ನಿಯಮ ಮಾಡಿ: ಶುಭೋದಯ, ಫಾರ್ವರ್ಡ್ ಬೇಡ, ಪ್ರಶ್ನೆ, ಪ್ರೋಗ್ರಾಮಿನ ಫೋಟೋ, ಬಂದ ಎರರ್, ಇಷ್ಟೇ. ನಿಮ್ಮ ವಿಭಾಗದ ಒಬ್ಬರು ವಾರಕ್ಕೊಮ್ಮೆ ಸರದಿಯಲ್ಲಿ ಅದರ ಹೊಣೆ ಹೊರಲಿ, ಅದೇ ದಿನ ಸಂಜೆಯೊಳಗೆ ಉತ್ತರ ಕೊಡಲಿ. ಉತ್ತರ ಬರುವುದಿಲ್ಲ ಎಂದು ಎರಡು ಸಲ ಅನ್ನಿಸಿದರೆ ಮೂರನೇ ಪ್ರಶ್ನೆ ಬರುವುದಿಲ್ಲ.

ತಾವೇ ಕಲಿಯಬೇಕು ಎನ್ನುವವರಿಗೆ ಎರಡು ದಾರಿ ಹೇಳುತ್ತೇನೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಚಿಕ್ಕ ಚಿಕ್ಕ ಪಾಠಗಳಿವೆ, ಕನ್ನಡ ಧ್ವನಿಯಲ್ಲೂ ಕೆಲವು ಸಿಗುತ್ತವೆ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ ಎನ್‌ಪಿಟೆಲ್ (ಐಐಟಿಗಳ ಉಚಿತ ಆನ್‌ಲೈನ್ ಪಾಠಗಳ ತಾಣ) ಪೈಥಾನ್ ಕೋರ್ಸ್. ಅದು ಸುಲಭದ್ದಲ್ಲ. ಮೂರ್ನಾಲ್ಕು ಜನ ಸೇರಿ ಒಟ್ಟಿಗೆ ಮಾಡಿದರೆ ಮುಗಿಯುತ್ತದೆ.

ಸರ್ಟಿಫಿಕೇಟ್, ಮತ್ತೆ ಮುಂದಿನ ವರ್ಷ

ಸರ್ಟಿಫಿಕೇಟನ್ನು ಹಾಜರಾತಿಗೆ ಕೊಡಬೇಡಿ. ಕಲಿತದ್ದರಲ್ಲಿ ಒಂದು ಪಾಠವನ್ನು ತಮ್ಮ ತರಗತಿಯಲ್ಲಿ ಮಾಡಿ, ಏನಾಯಿತು ಎಂದು ಒಂದು ಪುಟ ಬರೆದು ತಂದ ಮೇಲೆ ಕೊಡಿ. ಅದರಲ್ಲಿ ಗಂಟೆಗಳ ಲೆಕ್ಕ ಸ್ಪಷ್ಟವಾಗಿ ಇರಲಿ, 50 ಗಂಟೆಗೆ ಸೇರಿಸಿಕೊಳ್ಳಲು ಅವರಿಗೆ ಅನುಕೂಲ.

ಎರಡನೇ ವರ್ಷ ಸಂಪನ್ಮೂಲ ವ್ಯಕ್ತಿಗಳಲ್ಲಿ ಅರ್ಧ ಜನ ಈ ಶಿಕ್ಷಕರೇ ಆಗಿರಲಿ. ನಿಮ್ಮ ಪ್ರೊಫೆಸರಿಗೆ ಎಷ್ಟು ಗೌರವಧನ ಕೊಡುತ್ತೀರೋ ಅಷ್ಟೇ ಅವರಿಗೂ ಕೊಡಿ. ಅದರಲ್ಲಿ ಕಡಿಮೆ ಮಾಡಬೇಡಿ.

ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಫೀಡ್‌ಬ್ಯಾಕ್ ಫಾರ್ಮ್ ನಂಬಬೇಡಿ. ಅದರಲ್ಲಿ ಎಲ್ಲರೂ "ತುಂಬಾ ಉಪಯುಕ್ತ" ಎಂದೇ ಬರೆಯುತ್ತಾರೆ. ಡಿಸೆಂಬರ್‌ನಲ್ಲಿ ಮತ್ತೆ ಅದೇ ಲ್ಯಾಬ್‌ಗೆ ಹೋಗಿ ಮಕ್ಕಳ ರೆಕಾರ್ಡ್ ಪುಸ್ತಕ ತೆರೆಯಿರಿ. ಒಂದೇ ಪ್ರೋಗ್ರಾಂ, ಅದೇ ವೇರಿಯಬಲ್ ಹೆಸರು, ಬೋರ್ಡಿನಿಂದ ನಕಲು ಮಾಡಿದ ಹಾಗೆ ಎಲ್ಲ ಪುಸ್ತಕದಲ್ಲೂ ಇದ್ದರೆ ಮುಂದಿನ ಭೇಟಿಯ ಯೋಜನೆಯನ್ನು ಆ ಶಿಕ್ಷಕರ ಜೊತೆ ಕೂತು ಬದಲಿಸಿ. ಒಬ್ಬೊಬ್ಬರದ್ದು ಒಂದೊಂದು ಥರ ಇದ್ದು, ಕೆಲವು ತಪ್ಪಾಗಿ, ಹೊಡೆದುಹಾಕಿ ಮತ್ತೆ ಬರೆದಿದ್ದರೆ, ಆ ಪುಟಗಳ ಫೋಟೋ ತೆಗೆದುಕೊಳ್ಳಿ. ಏಪ್ರಿಲ್ ಭೇಟಿಯ ಮೊದಲ ಗಂಟೆಗೆ ಅವೇ ಪಾಠ.